ಬ್ರೇಕಕ್ಕ ಹೊರಗೆ ಊಟಕ್ಕೆ ಹೋದದ್ದು

ಆಕೆ ಕಾರು ಓಡಿಸುವುದನ್ನು ಕಲಿಸುವ ಟೀಚರು. ಪಕ್ಕದ ಸೀಟಿನಲ್ಲಿ ಕುಳಿತು, ತನ್ನ ಕಡೆಯ ಹೆಚ್ಚುವರಿ ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವಳು. ಹಾಗಾಗಿ ಎಲ್ಲರ ಬಾಯಲ್ಲೂ ಬ್ರೇಕಕ್ಕ. ಗಂಟಲು ದೊಡ್ಡದು, ನಗು ಅದಕ್ಕಿಂತ ದೊಡ್ಡದು, ಮೈ ಮಾತ್ರ ಕಡ್ಡಿ. ತಿಂದರೆ ಹೊಟ್ಟೆಯುಬ್ಬರ, ತಿನ್ನದಿದ್ದರೆ ಸುಸ್ತು. ಒಬ್ಬ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು, ಮತ್ತೊಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಕುಡಿದೂ ಕುಡಿದೂ ಹಲ್ಲು ಕಪ್ಪಾಯಿತೇ ಹೊರತು ರಕ್ತ ಏರಲಿಲ್ಲ.

ಹೀಗಿರುವಾಗ ಡಾಕ್ಟರಮ್ಮ ಒಬ್ಬರು ಕಾರು ಕಲಿಯಲು ಬಂದರು. ಐವತ್ತು ದಾಟಿದವರು. ಆಸ್ಪತ್ರೆಯಲ್ಲಿ ಅವರೆದುರು ಎಲ್ಲರೂ ನಡುಗುತ್ತಿದ್ದರಂತೆ. ಸ್ಟೀರಿಂಗ್ ಮುಂದೆ ಅವರೇ ನಡುಗುತ್ತಿದ್ದರು.

"ಕ್ಲಚ್ಚು, ಡಾಕ್ಟರಮ್ಮ, ಕ್ಲಚ್ಚು! ಅದು ಪೇಷಂಟ್ ಅಲ್ಲ, ಜೋರಾಗೇ ಒತ್ತಿ!"

ಕೆಲವು ಪಾಠಗಳಾದ ಮೇಲೆ ಡಾಕ್ಟರಮ್ಮ ಮೆಲ್ಲಗೆ ಬಾಯಿಬಿಟ್ಟರು. "ಒಂದ್ ಮಾತು ಕೇಳ್ಲಾ? ನಾವು ಯಾವ ಕಡೆ ಹೊರಟ್ರೂ ಯಾವುದಾದ್ರೂ ಪೆಟ್ರೋಲ್ ಬಂಕ್ ಹತ್ರ ನಿಲ್ತೀವಲ್ಲ, ಏನ್ ಸಮಾಚಾರ?"

ಮಾತಿಗೆ ಎಂದೂ ತಡವರಿಸದ ಬ್ರೇಕಕ್ಕನ ಮುಖ ಕೆಂಪೇರಿತು. "ಅಲ್ಲಿ ಟಾಯ್ಲೆಟ್ ಇರುತ್ತಲ್ಲ, ಅದಕ್ಕೆ."

ಡಾಕ್ಟರಮ್ಮ ಯಾರೂ ಹೇಳದೆಯೇ ಕಾರು ನಿಲ್ಲಿಸಿದರು. ಅರ್ಧ ಕಾರು ರಸ್ತೆಯಲ್ಲೇ ಉಳಿಯಿತು. ಬ್ರೇಕಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಾಯಿ ತೆರೆಸಿ ಹುಣ್ಣು ನೋಡಿದರು. "ಎಷ್ಟು ವರ್ಷದಿಂದ?"

"ಮಗಳು ಹುಟ್ಟಿದಾಗ್ಲಿಂದ. ಅವಳೀಗ ಕಾಲೇಜು."

"ಹೊಟ್ಟೆ ಕೆಟ್ಟಾಗ ಏನ್ ತಿಂತೀರ?"

"ಬ್ರೆಡ್ಡು. ಬರೀ ಬ್ರೆಡ್ಡು. ಲೈಟಾಗಿರುತ್ತಲ್ಲಾಂತ."

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಹಿಂದಿನಿಂದ ಹಾರ್ನುಗಳು ಕಿರುಚುತ್ತಿದ್ದವು. ಅವರ ಕಿವಿಗೆ ಬೀಳಲಿಲ್ಲ. "ನಾಳೆ ಆಸ್ಪತ್ರೆಗೆ ಬನ್ನಿ. ಟೆಸ್ಟೆಲ್ಲ ಮುಗಿಯೋವರೆಗೂ ಬ್ರೆಡ್ ಮಾತ್ರ ಬಿಡ್ಬೇಡಿ. ಬಿಟ್ರೆ ಕಾಯಿಲೆ ಸಿಕ್ಕಿಬೀಳಲ್ಲ."

ರಕ್ತಪರೀಕ್ಷೆಯಲ್ಲಿ ಸುಳಿವು ಸಿಕ್ಕಿತು. ಹೊಟ್ಟೆಯ ತಜ್ಞರು ಕ್ಯಾಮೆರಾ ಇರುವ ನಳಿಗೆ ಇಳಿಸಿ, ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ವಿದೇಶದ ರೈ ಎಂಬ ಧಾನ್ಯ, ಇವುಗಳಲ್ಲಿ ಗ್ಲುಟನ್ ಎಂಬ ಅಂಶವಿರುತ್ತದೆ. ಅದು ಒಳಗೆ ಹೋದರೆ ಈಕೆಯ ಮೈ ತನ್ನ ಕರುಳನ್ನೇ ಕಚ್ಚುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಗುಳಿಗೆ ಇಲ್ಲ. ಬದುಕಿರುವವರೆಗೆ ಒಂದು ಪುಡಿಯೂ ಬಾಯಿಗೆ ಬೀಳಬಾರದು.

"ಹಾಗಾದ್ರೆ ಇದಕ್ಕೊಂದು ಹೆಸರಿದೆ! ನನ್ನ ತಲೇಲಿ ಹುಟ್ಟಿದ್ದಲ್ಲ!" ಎಂದು ಬ್ರೇಕಕ್ಕ ಅಳುತ್ತಲೇ ನಕ್ಕಳು.

ಗಡಿಯಾರ ರಿಪೇರಿ ಮಾಡುವ ಗಂಡ ಸುದ್ದಿ ಕೇಳಿ ಕನ್ನಡಕ ತೆಗೆದಿಟ್ಟ. "ಗೋಧೀನಾ? ಇಷ್ಟು ವರ್ಷ ನಿನ್ನ ಹೊಟ್ಟೆ ಉರಿಸ್ತಿರೋದು ನಾನು ಅಂತಿದ್ದೆಯಲ್ಲ! ನಾನಲ್ಲ ಅಂತ ಒಂದು ಸರ್ಟಿಫಿಕೇಟ್ ಬರೆಸ್ಕೊಂಡು ಬಾ." ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಧಿಹಿಟ್ಟಿನ ಡಬ್ಬಿಯನ್ನು ಪಕ್ಕದ ಮನೆಗೆ ದಾಟಿಸಿ, ಕಪಾಟಿನ ಮೂಲೆಮೂಲೆ ತಿಕ್ಕಿ ತೊಳೆದರು.

ಕೆಲವು ತಿಂಗಳಲ್ಲಿ ಬ್ರೇಕಕ್ಕನ ಕೆನ್ನೆ ತುಂಬಿತು. ಒಂದು ದಿನ ಶಿಷ್ಯನೊಬ್ಬನನ್ನು ಗುಡ್ಡದ ರಸ್ತೆಗೆ ಕರೆದೊಯ್ದಳು. ಉದ್ದಕ್ಕೂ ಒಂದು ಪೆಟ್ರೋಲ್ ಬಂಕಿಲ್ಲ. ತುದಿಯಲ್ಲಿ ಇಳಿದು ಗಾಳಿಗೆ ಮುಖವೊಡ್ಡಿ ನಿಂತವಳು ಕೇಕೆ ಹಾಕಿದಳು. ತಾನು ಅಷ್ಟು ಚೆನ್ನಾಗಿ ಓಡಿಸಿದೆನೇ ಎಂದು ಶಿಷ್ಯ ಬೀಗಿದ.

ಹೊರಗಿನ ಊಟದ್ದೇ ಫಜೀತಿ. ಒಂದು ಹೋಟೆಲಿನಲ್ಲಿ "ಗೋಧಿ ಇಲ್ಲವೇ ಇಲ್ಲ ಮೇಡಂ" ಎಂದ ಸಪ್ಲೈಯರ್ ತಂದ ಸೂಪು ಗಟ್ಟಿಯಾಗಿದ್ದದ್ದೇ ಗೋಧಿಯಿಂದಾಗುವ ಮೈದಾದಿಂದ. ಹಾಸಿಗೆ ಹಿಡಿದಳು. ಆಮೇಲೆ ಯಾರು ಕರೆದರೂ ನೀರು ಕುಡಿಯುತ್ತ ಎಲ್ಲರ ತಟ್ಟೆ ನೋಡುತ್ತ ಕೂರುವಳು. ಮಗಳಿಗೆ ಮೊದಲ ಕೆಲಸ ಸಿಕ್ಕಾಗ ಅವಳು ಹಟ ಹಿಡಿದಳು: "ಅಮ್ಮಾ, ನೀನು ತಿನ್ನೋದಾದ್ರೆ ಮಾತ್ರ ಪಾರ್ಟಿ."

ಡ್ರೈವಿಂಗ್ ಶಾಲೆಯೆದುರು ಒಂದು ಸಣ್ಣ ಹೋಟೆಲಿತ್ತು. ಮಧ್ಯಾಹ್ನದ ಗದ್ದಲ ಕಳೆದ ಹೊತ್ತಿಗೆ ಬ್ರೇಕಕ್ಕ ಅಲ್ಲಿಗೆ ಹೋದಳು. ಮೀಸೆಯ ಅಡುಗೆಯವ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದ.

"ಅಣ್ಣಾ, ನಿಮ್ಮ ಅಡುಗೆಮನೆ ಸ್ವಲ್ಪ ನೋಡ್ಬೇಕಿತ್ತು."

"ನೀವು ಇನ್ಸ್‌ಪೆಕ್ಟರಾ?"

"ಅಯ್ಯೋ, ಅಲ್ಲಣ್ಣ. ಹೊಟ್ಟೆಪಾಡು."

ಎಲ್ಲ ಕೇಳಿಸಿಕೊಂಡ ಅಡುಗೆಯವ 'ಅದೇನ್ ಮಹಾ' ಎನ್ನಲಿಲ್ಲ, ತಲೆ ಕೆರೆದುಕೊಂಡ. ಅದರಿಂದಲೇ ಆಕೆಗೆ ನಂಬಿಕೆ ಹುಟ್ಟಿತು.

"ಕರಿದ ಆಲೂಗಡ್ಡೆ ಬೇಡ. ಅದೇ ಎಣ್ಣೇಲಿ ಬ್ರೆಡ್ ಪುಡಿ ಹಚ್ಚಿದ ಕಟ್ಲೆಟ್ ಕರೀತೀವಿ," ಎಂದ. ಸೋಯಾ ಸಾಸಿನ ಬಾಟಲಿಯನ್ನು ಇಬ್ಬರೂ ಬೆಳಕಿಗೆ ಹಿಡಿದು ಓದಿದರು. ಗೋಧಿ. "ಇವನ ಮನೆ ಹಾಳಾಗ! ಇದ್ರಲ್ಲೂ ನುಗ್ಗಿ ಕೂತಿದ್ದಾನಲ್ಲ!" ಎಂದು ಕಳ್ಳನನ್ನು ಕಂಡಂತೆ ಬೈದ. ಕೊನೆಗೆ ಲೆಕ್ಕ ಕೂಡಿತು: ನಿಂಬೆರಸ ಹಿಂಡಿ ಬೇರೆ ಪಾತ್ರೆಯಲ್ಲಿ ಬೇಯಿಸಿದ ಮೀನು, ಬೇಯಿಸಿದ ಆಲೂಗಡ್ಡೆ, ಸೊಪ್ಪು, ಅನ್ನ. ಬೆಣ್ಣೆ ಹೊಸ ಪೊಟ್ಟಣದ್ದು, ಹಳೆಯದರಲ್ಲಿ ಬ್ರೆಡ್ಡಿನ ಚಾಕು ಆಡಿರುತ್ತದೆ.

"ಭಾನುವಾರ ಬರ್ಬೇಡಿ ಅಕ್ಕಾ, ಆ ರಶ್ಶಲ್ಲಿ ನನ್ನ ಕೈ ನನಗೇ ಗೊತ್ತಿರಲ್ಲ. ಮಂಗಳವಾರ ಸಂಜೆ ಬೇಗ ಬನ್ನಿ. ನಿಮ್ಮದು ಮುಗಿಸಿ ಆಮೇಲೇ ಹಿಟ್ಟು ಮುಟ್ತೀನಿ."

ಮಂಗಳವಾರ ಸಂಜೆ, ಅಷ್ಟು ಹೊತ್ತಿಗೆ ಲೈಸೆನ್ಸ್ ಪಡೆದಿದ್ದ ಡಾಕ್ಟರಮ್ಮನೇ ಎಲ್ಲರನ್ನೂ ಕಾರಿನಲ್ಲಿ ಕರೆತಂದರು. ಅಡುಗೆಯವ ತಾನೇ ತಟ್ಟೆ ತಂದಿಟ್ಟು, ಕೈಕಟ್ಟಿ ಅಲ್ಲೇ ನಿಂತ.

"ನೀವು ಹೀಗೆ ನಿಂತ್ಕೊಂಡ್ರೆ ಅವಳಿಗೆ ತುತ್ತು ಇಳಿಯೋದು ಹೇಗಪ್ಪಾ?" ಎಂದರು ಅತ್ತೆ.

"ಅವರು ತಿನ್ನೋವರೆಗೂ ನನಗೆ ಉಸಿರೇ ಇಳಿಯಲ್ಲ ಅಮ್ಮಾ."

ಬ್ರೇಕಕ್ಕ ಮೀನು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಆಮೇಲೆ ತಟ್ಟೆಯಿಂದ ತಲೆಯೆತ್ತದೆ ತಿಂದಳು. ತಟ್ಟೆ ಖಾಲಿಯಾಗಿ ಇನ್ನೊಂದು ಬಂತು. "ಪಾರ್ಟಿ ನಂದಲ್ವಾ? ಒಬ್ಬರಾದ್ರೂ ನನ್ನ ಕಡೆ ನೋಡಿ!" ಎಂದು ಮಗಳು ಮೇಜು ಕುಟ್ಟಿದಳು.

ಮರುದಿನ ಬೆಳಿಗ್ಗೆ ಬ್ರೇಕಕ್ಕ ಕಣ್ಣು ಬಿಟ್ಟಾಗ ಗಂಡ ಮಂಚದ ತುದಿಯಲ್ಲಿ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದ. "ಹೇಗಿದೆ ಹೊಟ್ಟೆ?"

ಅವಳು ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿಕೊಂಡಳು.

"ಹಸೀತಿದೆ ಕಣ್ರೀ."