ಗೇರಿನಲ್ಲಿ ನಿಲ್ಲಿಸಿದ ಕಾರು

ಮೂವತ್ತು ವರ್ಷ ಅಂಬಾಸಿಡರ್ ಓಡಿಸಿದ ತೀರ್ಥಹಳ್ಳಿಯ ಬೆಳ್ಳಪ್ಪನಿಗೆ ಕಾರು ನಿಲ್ಲಿಸುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತೇವಕ್ಕೆ ಕಚ್ಚಿಕೊಂಡುಬಿಡುತ್ತದೆಂದು ಅವನು ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಏರಾಗಲಿ ಇಳಿಜಾರಾಗಲಿ, ಗೇರಿಗೆ ಹಾಕುವುದು, ಇಳಿದು ಬೀಡಿ ಹಚ್ಚುವುದು. ಇಂಜಿನ್ನಿನ ಹಿಡಿತ ಹಿಂದಿನ ಚಕ್ರಗಳ ಮೇಲಿದ್ದ ಆ ಕಾರು ಹಟ ಹಿಡಿದ ಎಮ್ಮೆಯಂತೆ ನಿಂತುಬಿಡುತ್ತಿತ್ತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರುಗಳಿಗೆ ಬುದ್ಧಿ ಹೇಳುವಾಗ ಅವನ ಜಂಬ ನೋಡಬೇಕಿತ್ತು.

ಆ ಕಾರು ಗುಜರಿಗೆ ಹೋಯಿತು. ಅರವತ್ತರ ಹತ್ತಿರ ಬಂದವನನ್ನು ಯಾರು ಕೇಳುತ್ತಾರೆ? ಸತೀಶ್ ಗೌಡರು ತಮ್ಮ ಹೊಸ ಕಾರಿಗೆ ಇಟ್ಟುಕೊಂಡರು. ಕನಿಕರಕ್ಕಲ್ಲ, ಅಗ್ಗಕ್ಕೆ ಸಿಕ್ಕಿದನೆಂದು. “ಒಂದು ಗೀರು ಬಿತ್ತೋ, ಮನೆಗೆ ನಡಿ” ಎಂದಿದ್ದರು. ಈ ಕೆಲಸ ಹೋದರೆ ಮತ್ತೊಂದಿಲ್ಲವೆಂದು ಬೆಳ್ಳಪ್ಪನಿಗೆ ಗೊತ್ತಿತ್ತು. ಹೊಸ ಕಾರಿನಲ್ಲಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು ಎಂಬುದೂ ಗೊತ್ತಿತ್ತು. ಗೊತ್ತಿದ್ದರೇನು, ಕೈಗೆ ಹಳೇ ಚಾಳಿ.

ಗೌಡರನ್ನು ಕರೆತರಲು ಹುಂಚಕ್ಕೆ ಹೊರಟವನಿಗೆ ಏರಿನಲ್ಲಿ ಮುಂದಿನ ಟೈರು ಪಂಕ್ಚರ್ ಆಯಿತು. ಎಂದಿನಂತೆ ಗೇರಿಗೆ ಹಾಕಿ ಇಳಿದ. ಹ್ಯಾಂಡ್‌ಬ್ರೇಕೂ ಇಲ್ಲ, ಚಕ್ರಕ್ಕೆ ಕಲ್ಲೂ ಇಲ್ಲ. ಜಾಕ್ ಕೊಟ್ಟು ಚಕ್ರ ಎತ್ತಿದ. ಮುಂದಿನ ಎರಡರಲ್ಲಿ ಒಂದು ನೆಲ ಬಿಟ್ಟಿದ್ದೇ ತಡ, ಎರಡೂ ನೆಲದ ಮೇಲಿದ್ದರಷ್ಟೇ ನಿಲ್ಲುವ ಗೇರಿನ ಹಿಡಿತವೂ ತಪ್ಪಿತು. ಕಾರು ಹಿಂದಕ್ಕೆ ಜರುಗಿತು, ಜಾಕ್ ವಾಲಿತು. ಹಿಂದೆ ಮೋರಿಯ ಕಟ್ಟೆ! ಬೆಳ್ಳಪ್ಪನ ಕಣ್ಣಿಗೆ ಕಂಡದ್ದು ಗೀರೊಂದೇ. ಮುಠ್ಠಾಳ, ಇಳಿಯುತ್ತಿದ್ದ ಚಕ್ರದ ಹಿಂದೆ ಬಲಗಾಲು ಒಡ್ಡಿದ. ಕಾರು ಅದರ ಮೇಲೇ ಕುಳಿತು, ಅಲ್ಲೇ ನಿಂತಿತು.

ಆಸ್ಪತ್ರೆಯಲ್ಲಿ ಪಾದ ತೆಗೆದರು. ಮರುದಿನ ಗೌಡರು ಬಂದರು. ತನ್ನನ್ನು ನೋಡಲೆಂದೇ ಬಂದರೆಂದು ಬೆಳ್ಳಪ್ಪನ ಮುಖ ಅರಳಿತು. ಹೆಂಡತಿ ರಂಗಮ್ಮ ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಅವರು ಕೂರಲಿಲ್ಲ.

“ಕಾರಿಗೆ ಎಂತದೂ ಆಗ್ಲಿಲ್ಲ ಗೌಡ್ರೇ” ಎಂದ ಬೆಳ್ಳಪ್ಪ. “ಕಾಲು ಕೊಟ್ಟು ನಿಲ್ಸಿದೆ.”

“ಚಕ್ರ ನೆಲಕ್ಕೆ ಕೂತ ಕೂಡ್ಲೆ ಗೇರು ಹಿಡ್ಕಂತು ಮಾರಾಯ. ಮೆಕ್ಯಾನಿಕ್ ನೋಡಿ ಹೇಳ್ದ. ಅದು ತಾನೇ ನಿಲ್ತಿತ್ತು, ನಿನ್ನ ಕಾಲು ಬೇಕಾಗೇ ಇರ್ಲಿಲ್ಲ” ಎಂದರು ಗೌಡರು. “ಕೀ ಎಲ್ಲಿ?”

ಬೆಳ್ಳಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ರಂಗಮ್ಮ ರಕ್ತ ಮೆತ್ತಿದ ಪ್ಯಾಂಟಿನ ಜೇಬು ತಡಕಿ ಕೀ ತೆಗೆದಳು. ಗೌಡರು ಅದನ್ನು ಕರ್ಚೀಫಿನಲ್ಲಿ ಎರಡು ಸಲ ಒರೆಸಿ, ಬಾಗಿಲಲ್ಲಿ ನಿಂತಿದ್ದ ಹೊಸ ಡ್ರೈವರನ ಕೈಗೆ ಕೊಟ್ಟರು.