ಹುಟ್ಟಿದ ಊರಿನ ಕಾಲಂ

ಆಕೆ ಏರ್ಕಾಡಿನ ಕಾಫಿ ತೋಟದಲ್ಲಿ ಕೂಲಿ. ಸಿಲೋನಿನ ಪಾಸ್‌ಪೋರ್ಟಿನಲ್ಲಿ ಬಂದು ಇಲ್ಲೇ ಉಳಿದವಳು. ಭಾರತದ ಪೌರತ್ವ ಸಿಗುವ ತನಕ ತಿಂಗಳಿಗೊಮ್ಮೆ ಘಾಟಿ ಬಸ್ಸಿನಲ್ಲಿ ಸೇಲಂಗೆ ಇಳಿದು ಪೊಲೀಸರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಅರ್ಜಿ ತಿರಸ್ಕಾರವಾದರೆ ವಾಪಸ್ಸು ಹಡಗು ಹತ್ತಬೇಕು. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಕಾನೂನು ಓದಿ ಮುಗಿಸಿ ಸೇಲಂನ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದೆ. ಆಕೆಯ ಅರ್ಜಿ ತುಂಬುವ ಕೆಲಸ ನನಗೆ ಬಂತು.

“ಊರು ಯಾವುದು ಅಕ್ಕಾ?” ಎಂದೆ.

“ಮೇಚೇರಿ ಸಾಮಿ. ಕುರಿ ಮೇಯ್ಸೋ ಜನ ನಾವು.”

ಮೇಚೇರಿ ಸೇಲಂ ಜಿಲ್ಲೆಯದೇ ಊರು; ಬರೆದುಕೊಂಡೆ. ಆ ಕಾಲಂ ಇದ್ದದ್ದು ಹುಟ್ಟಿದ ಸ್ಥಳಕ್ಕೆ. ನಮ್ಮ ಕಡೆ ಊರೆಂದರೆ ಕುಲದೇವರಿರುವ ಜಾಗ. ನಾನೂ ಸೇಲಂನ ಆಸ್ಪತ್ರೆಯಲ್ಲಿ ಹುಟ್ಟಿ, ಕೇಳಿದವರಿಗೆಲ್ಲ ಧರ್ಮಪುರಿ ಪಕ್ಕದ ಹಳ್ಳಿಯೊಂದರ ಹೆಸರು ಹೇಳುತ್ತಿದ್ದವನು. ಅದು ಗೊತ್ತಿದ್ದೂ ಮೇಜಿನ ಮೇಲಿದ್ದ ಪಾಸ್‌ಪೋರ್ಟನ್ನು ತೆರೆಯಲಿಲ್ಲ. ಅದರಲ್ಲಿ ಸಿಲೋನಿನ ಟೀ ತೋಟವೊಂದರ ಹೆಸರಿತ್ತು.

ಕೆಲವು ತಿಂಗಳಾದ ಮೇಲೆ ಅರ್ಜಿ ಹಿಂದಿರುಗಿತು. ಸುಳ್ಳು ಹೇಳಿಕೆಯಂತೆ, ಹೊಸದಾಗಿ ಹಾಕಬೇಕಂತೆ.

“ಮೇಚೇರಿ ಅಂತ ಯಾರಯ್ಯಾ ಹೇಳಿದ್ದು?” ವಕೀಲರು ಕೇಳಿದರು.

“ಅವರೇ ಸಾರ್,” ಎಂದೆ. ನಾನು ಕೇಳಿದ್ದು ಏನೆಂಬುದನ್ನು ನುಂಗಿಕೊಂಡೆ.

ಅವರು, ಠಾಣೆ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದ ಆಕೆಯತ್ತ ತಿರುಗಿದರು. “ಏನಮ್ಮಾ, ಹುಟ್ಟಿದ್ದೆಲ್ಲಿ ಅಂತ ಸಹ ತೆರಿಯಾದಾ?”

“ಉಟ್ಟೋವಾಗ ನಾನೇನ್ ನೋಡ್ಕೊಂಡಾ ಉಟ್ದೆ ಸಾಮಿ?” ಎಂದಳು. ಮತ್ತೆ ತಗ್ಗಿ, “ನಾನೇ ತಪ್ಪಾಗಿ ಏಳ್ಬುಟ್ನೇನೋ, ಮನ್ನಿಚ್ಚಿಡುಂಗ.”

‘ಹುಟ್ಟಿದ ಊರು’ ಎಂದೇ ಕೇಳಿದ್ದೆ ಎಂದು ಈಗ ಒಮ್ಮೊಮ್ಮೆ ಅನಿಸುತ್ತದೆ. ಆ ನೆನಪು ತೀರ ಸಲೀಸಾಗಿ ಬರುತ್ತದೆ, ಅದಕ್ಕೇ ನಂಬುವುದಿಲ್ಲ.

ಹೊಸ ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗ ಆಕೆ ಕೇಳಿದಳು: “ಈ ಸಲ ಯಾವೂರು ಬರ್ದೆ ತಂಬಿ?”

“ಸಿಲೋನ್.”

“ಅಂಗಾರೆ ಮೇಚೇರಿ ನಂದಲ್ಲ ಅಂತ ನನ್ ಕೈಲೇ ಒತ್ತುಸ್ಕಂಡೆ ನೋಡು,” ಎಂದು ನಕ್ಕಳು.

ಆ ಅರ್ಜಿ ಸಾಲಿನ ಕೊನೆಯಿಂದ ಶುರುವಾಯಿತು. ಇನ್ನೆರಡು ವರ್ಷ ಆಕೆ ಪೊಲೀಸ್ ಠಾಣೆ ಮುಗಿಸಿಕೊಂಡು ಪ್ರತಿ ತಿಂಗಳೂ ನಮ್ಮ ಬಾಗಿಲಿಗೆ ಬಂದು, “ಬಂತಾ ತಂಬಿ?” ಎನ್ನುತ್ತಿದ್ದಳು. “ಸರ್ಕಾರದ ಕೆಲಸ ಅಕ್ಕಾ, ನಿಧಾನ,” ಎನ್ನುತ್ತಿದ್ದೆ.

ಕಡೆಗೂ ಪೌರತ್ವದ ಕಾಗದ ಬಂದ ದಿನ ಆಕೆ ಒಂದು ಪೊಟ್ಟಣ ಕರಿಮೆಣಸು ತಂದು ನನ್ನ ಕೈಗಿಟ್ಟಳು.

“ನನ್ ತಪ್ಗೆ ನೀನೂ ಅಲೆದಾಡ್ದೆ, ಪಾವಂ.”

ತೆಗೆದುಕೊಂಡೆ.