ಸ್ಟೇರಿಂಗಿಗೊಂದು ಸ್ವೆಟರು

ನನ್ನ ಹಳೆಯ ಕಾರಿನ ಸ್ಟೇರಿಂಗ್ ಚಕ್ರಕ್ಕೆ ಒಂದು ಸ್ವೆಟರಿತ್ತು. ನಗಬೇಡಿ, ನಮ್ಮ ಸೋದರತ್ತೆ ಮೊಮ್ಮಗನ ಕುಲಾವಿ ಹೆಣೆದು ಉಳಿದ ಹಸಿರು ಉಣ್ಣೆಯನ್ನು ದಂಡ ಮಾಡಲಾರದೆ, ಬೇಸಿಗೆಯಲ್ಲಿ ನನ್ನ ಅಂಗೈ ಸುಡಬಾರದೆಂದು ಹೆಣೆದು ತೊಡಿಸಿದ್ದು. ಹಿಡಿದರೆ ಬೆಕ್ಕಿನ ಬೆನ್ನು ಸವರಿದಷ್ಟು ಮೆತ್ತಗೆ. ಅದನ್ನು ಕಂಡರೆ ಆಗದವನು ಒಬ್ಬನೇ: ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳದಾರಿಯೊಂದರಲ್ಲಿ ತಗಡಿನ ಶೆಡ್ ಹಾಕಿಕೊಂಡು, ಮೂವತ್ತು ವರ್ಷಗಳಿಂದ ಸ್ಟೇರಿಂಗ್ ದುರಸ್ತಿಯೊಂದನ್ನೇ ಮಾಡುತ್ತ ಬಂದಿರುವ ಈರಪ್ಪ ಮಿಸ್ತ್ರಿ. "ಗಾಡಿಗೆ ಥಂಡಿ ಆಗೇತೇನ್ರಿ ಮಾಸ್ತರ್ರ?" ಎಂದು ಕೇಳದೆ ಅವನು ನನ್ನ ಕಾರಿನ ಬಾಗಿಲು ತೆಗೆದದ್ದೇ ಇರಲಿಲ್ಲ.

ಹೋದ ವರ್ಷ ದಸರೆಗೆ ವಾರವಿರುವಾಗ ಈ ಈರಪ್ಪ ಒಂದು ಕಾಗದದ ಕಟ್ಟು ಹಿಡಿದು ಕೇಶ್ವಾಪುರದ ನನ್ನ ಮನೆಗೆ ಬಂದ. ವಾಹನಗಳ ಎಲೆಕ್ಟ್ರಾನಿಕ್ ಸ್ಟೇರಿಂಗಿಗೆ ಮುಂದಿನ ವರ್ಷಗಳಲ್ಲಿ ಜಗತ್ತಿನ ಮಾರುಕಟ್ಟೆ ಹೇಗಿರುತ್ತದೆಂದು ಭವಿಷ್ಯ ನುಡಿಯುವ ಇಂಗ್ಲಿಷ್ ವರದಿ ಅದು. ಪೂರ್ತಿಯಲ್ಲ, ಪುಕ್ಕಟೆ ಸಿಗುವ ಮಾದರಿ ಪುಟಗಳು. ಮುದ್ರಿಸಿ ಕೊಟ್ಟವನು ಅಳಿಯ ಸಂಗಮೇಶ. ಮಾವ ಬಲ್ಲ, ಎಣ್ಣೆಯ ಒತ್ತಡದಿಂದ ತಿರುಗುವ ಸ್ಟೇರಿಂಗಿನ ಕಾಲ ಮುಗಿಯಿತು, ಶೆಡ್ ತನಗೆ ಬಿಟ್ಟರೆ ಅಲ್ಲಿ ಕಾರು ತೊಳೆಯುವ ಅಂಗಡಿ ತೆಗೆಯುತ್ತೇನೆ ಎಂಬುದು ಅವನ ವಾದ, ಅದಕ್ಕೆ ಈ ವರದಿಯೇ ಸಾಕ್ಷಿ.

"ಓದಿ ಹೇಳ್ರಿ ಮಾಸ್ತರ್ರ," ಎಂದ ಈರಪ್ಪ. "ಇದರಾಗ ನನ್ನಂಥಾವರ ಸುದ್ದಿ ಎಲ್ಲೆರೆ ಬರತೈತೇನು ನೋಡ್ರಿ. ಇಲ್ಲಂದ್ರ ಪೂಜಾ ಮುಗಿಸಿ ಅವಗ ಕೀಲಿ ಕೊಟ್ಟಬಿಡ್ತೇನಿ."

ಹೊಟ್ಟೆಪಾಡಿಗೆ ಜೀವನವಿಡೀ ಇಂಗ್ಲಿಷ್ ಕಲಿಸಿದವನು ನಾನು. ಎಂಥೆಂಥ ಮಕ್ಕಳ ಉತ್ತರಪತ್ರಿಕೆಗಳನ್ನು ಓದಿ ಜೀರ್ಣಿಸಿಕೊಂಡಿದ್ದೇನೆ. ಆದರೆ ಇಷ್ಟು ಗಂಭೀರವಾಗಿ ಏನನ್ನೂ ಹೇಳದಿರುವ ಗದ್ಯವನ್ನು ಕಂಡದ್ದು ಅದೇ ಮೊದಲು. ಹುಬ್ಬಳ್ಳಿಯನ್ನೂ ಜಪಾನನ್ನೂ ಆಸ್ಟ್ರೇಲಿಯವನ್ನೂ ಒಂದೇ ಚೀಲದಲ್ಲಿ ತುಂಬಿ ಏಷ್ಯಾ-ಪೆಸಿಫಿಕ್ ಎಂದು ಚೀಟಿ ಅಂಟಿಸಿದ್ದರು. ಆಫ್ರಿಕದಂಥ ಆಫ್ರಿಕಕ್ಕೆ ಪಾಪ, ‘ಉಳಿದ ಜಗತ್ತು’ ಎಂಬ ಚೀಟಿ. ಬೆಳವಣಿಗೆ ತೋರಿಸುವ ನಕ್ಷೆಯ ಗೆರೆಗಳೆಲ್ಲ ಎಡದಿಂದ ಬಲಕ್ಕೆ ಏರುತ್ತಲೇ ಇದ್ದವು. ನೃಪತುಂಗ ಬೆಟ್ಟ ಹತ್ತಿದವರಾದರೂ ಸಂಜೆಗೆ ಕೆಳಗಿಳಿದು ಗಿರಮಿಟ್ ತಿಂದು ಮನೆ ಸೇರುತ್ತಾರೆ. ಈ ಗೆರೆಗಳಿಗೆ ಮನೆಯೆಂಬುದೇ ಇಲ್ಲ. ಇನ್ನು, ಮುಖ್ಯವಾದ ಅಂಕಿಗಳಿರಬೇಕಾದ ಕಡೆಯಲ್ಲೆಲ್ಲ ಎಕ್ಸ್ ಎಕ್ಸ್ ಎಂದು ಗೀಚಿದ್ದರು: ದುಡ್ಡು ಕಟ್ಟಿದವರಿಗಷ್ಟೇ ಭವಿಷ್ಯದ ದರ್ಶನ. ರಸ್ತೆಬದಿಯ ಶಾಸ್ತ್ರದವನ ಗಿಳಿಯಾದರೂ ಹೊರಗೆ ಬಂದು ಒಂದು ಚೀಟಿ ಎಳೆದುಕೊಡುತ್ತದೆ. ಈ ಗಿಳಿ ಪಂಜರದಲ್ಲೇ ಕೂತು ಗಂಟಲು ಸರಿಮಾಡಿಕೊಳ್ಳುತ್ತದೆ. ಬೆಳವಣಿಗೆಗೆ ಅಡ್ಡಿಗಳು ಎಂಬ ಅಧ್ಯಾಯವೂ ಇತ್ತು, ಎಲೆಕ್ಟ್ರಾನಿಕ್ ಚಿಪ್‌ಗಳ ಕೊರತೆ, ದೇಶದೇಶಗಳ ಜಗಳ ಎಲ್ಲ ಅದರಲ್ಲಿದ್ದವು. ಚಕ್ರ ಹಿಡಿದು ಕೂರುವ ಮನುಷ್ಯನೊಬ್ಬ ಮಾತ್ರ ಯಾವ ಪುಟದಲ್ಲೂ ಇರಲಿಲ್ಲ.

"ನಿನ್ನ ಸುದ್ದಿ ಇಲ್ಲೋ ಈರಪ್ಪ," ಎಂದೆ.

"ಮತ್ತ ಯಾರ ಸುದ್ದಿ ಐತ್ರಿ?"

"ಯಾರದೂ ಇಲ್ಲ."

ಅವನು ನಕ್ಕ, ಕಟ್ಟನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದ. ನನ್ನ ಕುಹಕ ಅವನ ಹೊಟ್ಟೆ ತುಂಬಿಸುವುದಿಲ್ಲವೆಂದು ನನಗೂ ಗೊತ್ತಿತ್ತು. ಹೊಸ ಗಾಡಿಗಳು ಅವನ ಶೆಡ್ಡಿನ ಮುಂದೆ ನಿಲ್ಲದೆ ಸಾಗುವುದನ್ನು ಎಷ್ಟೋ ಸಲ ನಾನೇ ನೋಡಿದ್ದೆ.

ನಮ್ಮ ಕಡೆ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಗಾಡಿಗಳಿಗೆ ಆಗುವ ಅಭ್ಯಂಗನ ಹಬ್ಬದ ದಿನ ಮನೆಮಂದಿಗೂ ಆಗುವುದಿಲ್ಲ. ಬಾನೆಟ್ ಎತ್ತಿ, ಎಂಜಿನ್ನಿನ ಕಂಕುಳವನ್ನೂ ಬಿಡದೆ ತೊಳೆಯದಿದ್ದರೆ ಪೂಜೆ ಮುಟ್ಟಿತೆಂಬ ಸಮಾಧಾನವಿಲ್ಲ. ಸಂಗಮೇಶ ಅಂದು ನೀರು ಚಿಮ್ಮುವ ಹೊಸ ಯಂತ್ರ ತಂದು, ಮುಂದಿನ ಧಂದೆಯ ಸೊಗಸು ಮಾವನಿಗೆ ತೋರಿಸಲೆಂದು ಅದೇ ಶೆಡ್ಡಿನ ಮುಂದೆ ತನ್ನ ಎಲೆಕ್ಟ್ರಾನಿಕ್ ಸ್ಟೇರಿಂಗಿನ ಹೊಸ ಕಾರನ್ನು ಸಂದುಗೊಂದು ಬಿಡದೆ ತೊಳೆದ. ನನ್ನ ಕಾರೂ ಅಲ್ಲೇ ಪೂಜೆಗೆ ನಿಂತಿತ್ತು. ವಿಭೂತಿ ಬಳಿದದ್ದಾಯಿತು, ಚೆಂಡುಹೂವಿನ ಮಾಲೆಯಾಯಿತು. ಈರಪ್ಪ ಶೆಡ್ಡಿನ ಕೀಲಿಯನ್ನು ಸ್ಪ್ಯಾನರುಗಳ ಪಕ್ಕದಲ್ಲಿಟ್ಟು ಅದಕ್ಕೂ ಕುಂಕುಮ ಹಚ್ಚಿದಾಗ ನಾನು ಬೇರೆ ಕಡೆ ನೋಡಿದೆ.

ಸಂಗಮೇಶನ ಕಾರು ನಿಂಬೆಹಣ್ಣು ತುಳಿದು ನಾಲ್ಕು ಮಾರು ಹೋಯಿತು. ಅಷ್ಟರಲ್ಲಿ ಒಳಗೊಂದು ದೀಪ ಹತ್ತಿ, ಸ್ಟೇರಿಂಗು ಒರಳುಕಲ್ಲಿನಂತೆ ಬಿಗಿಯಿತು. ಕಂಪನಿಗೆ ಫೋನು ಹಚ್ಚಿದರೆ ಜೇನಿನಂಥ ದನಿಯೊಂದು ಹಬ್ಬದ ಶುಭಾಶಯ ಕೋರಿ, ಸೂಟಿ ಮುಗಿದ ಮೇಲೆ ಬರುತ್ತೇವೆಂದಿತು.

ಈರಪ್ಪ ಧೋತರದ ಕಚ್ಚೆ ಬಿಗಿದು ಬ್ಯಾಟರಿಯ ತಂತಿ ಬಿಚ್ಚಿದ, ಗಾಡಿಯ ಕೆಳಗೆ ತೂರಿದ. ಸ್ಟೇರಿಂಗಿನ ಮೋಟಾರಿಗೆ ಕರೆಂಟು ಒಯ್ಯುವ ವೈರಿನ ಜೋಡಣೆಯೊಳಗೆ ನೀರು ನಿಂತಿತ್ತು. ಅರಿವೆಯಿಂದ ಒರೆಸಿ, ಧೂಳು ಊದುವ ಗಾಳಿಯಂತ್ರದಿಂದ ತಾಸುಹೊತ್ತು ಒಣಗಿಸಿ, ಮತ್ತೆ ಜೋಡಿಸಿದ. ದೀಪ ಆರಿತು, ಚಕ್ರ ಹಗುರಾಯಿತು.

"ಕರೆಂಟಿಂದು ನಿಮಗ ಹೆಂಗ ತಿಳೀತ್ರಿ ಮಾಮಾ?" ಎಂದ ಸಂಗಮೇಶ.

"ಹೊಸಾದಂದ್ರ ಆಕಾಶದಿಂದ ಬಿದ್ದೈತೇನಪಾ? ಒಳಗ ಅದ ರಾಡ್, ಅದ ಹಲ್ಲು. ಎಣ್ಣಿ ಹೋಗಿ ವೈರ್ ಬಂದೈತಿ, ಅಷ್ಟ. ಉಳಿದದ್ದು ಕಲೀತೇನಿ." ಪೂಜೆಗಿಟ್ಟ ಕೀಲಿಯನ್ನು ಎತ್ತಿ, ಕುಂಕುಮ ಒರೆಸದೆ ಹಾಗೇ ಕಿಸೆಗೆ ಹಾಕಿಕೊಂಡ. "ನೀನೂ ಇಲ್ಲೇ ಇರು. ನೀ ತೊಳಿ, ನಾ ಒಣಗಸ್ತೇನಿ. ಶೆಡ್ ಇಬ್ಬರಿಗೂ ಸಾಕು."

ಜಗತ್ತಿನ ಯಾವ ಮುನ್ನೋಟದಲ್ಲಿಯೂ ಇಲ್ಲದ ಈ ಪಾಲುದಾರಿಕೆಗೆ ನಾನು ಗಹಗಹಿಸಿ ನಕ್ಕೆ. ವರದಿ ಬರೆದವರು ಒಮ್ಮೆಯಾದರೂ ಒಂದು ಚಕ್ರವನ್ನು ಕೈಯಾರೆ ತಿರುಗಿಸಿದ್ದಾರೆಯೇ, ರಸ್ತೆ ಮುಟ್ಟದವರಿಗೆ ರಸ್ತೆಯ ಮಾತೇಕೆ ಎಂದೆಲ್ಲ ಹೀಯಾಳಿಸುತ್ತ ನನ್ನ ಕಾರು ಹತ್ತಿದೆ. ಈರಪ್ಪ ಕಿಟಕಿಯಿಂದ ಕೈ ಚಾಚಿ ಹಸಿರು ಸ್ವೆಟರನ್ನು ಮುಟ್ಟಿದ.

"ಇದನ್ನ ತಗೀರಿ ಮಾಸ್ತರ್ರ. ರಸ್ತಿ ಕೈಗೆ ಮಾತ ಹೇಳತಿರತೈತಿ. ನೀವು ಅದರ ಬಾಯಾಗ ಅರಿವಿ ತುರುಕೀರಿ."

ದಾರಿಯಲ್ಲಿ ಗಾಡಿ ನಿಲ್ಲಿಸಿ, ಅತ್ತೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಸ್ವೆಟರನ್ನು ಮಡಚಿ ಪಕ್ಕದ ಸೀಟಿನ ಮೇಲಿಟ್ಟೆ. ಈಗ ಅದು ನನ್ನ ಮೇಜಿನ ಮೇಲೆ, ಆ ವರದಿಯ ನೆತ್ತಿಯ ಮೇಲಿದೆ. ಅಂದು ಬರಿಗೈಯಲ್ಲಿ ಹಿಡಿದ ಚಕ್ರ ಒರಟಾಗಿತ್ತು, ಬಿಸಿಯಾಗಿತ್ತು, ಪ್ರತಿಯೊಂದು ತಗ್ಗನ್ನೂ ಅಂಗೈಗೆ ಹೇಳುತ್ತಿತ್ತು. ಕೇಶ್ವಾಪುರದ ತಿರುವು ದಾಟಿದ ಮೇಲೆ ನೆಟ್ಟನೆಯ ರಸ್ತೆಯಲ್ಲಿ ಹಿಡಿತ ಕೊಂಚ ಸಡಿಲಿಸಿದೆ. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಎಷ್ಟು ವರ್ಷಗಳಿಂದ ಎಳೆಯುತ್ತಿತ್ತೋ.